ಊರು ಹಿಂದೆ ಬಿದ್ದದ್ದಲ್ಲ, ಹಿಂದಕ್ಕೆ ತಳ್ಳಿದ್ದು: ಡೊರೀನ್ ಮ್ಯಾಸ್ಸಿ ಹೇಳಿಕೊಟ್ಟ ಭೂಗೋಳ

ಶಾಲೆಯಲ್ಲಿ ನಾವೆಲ್ಲ ಭೂಗೋಳ ಓದಿದವರೇ. ಕೃಷ್ಣಾ ಎಲ್ಲಿ ಹುಟ್ಟುತ್ತದೆ, ಕಪ್ಪು ಮಣ್ಣಿನಲ್ಲಿ ಏನು ಬೆಳೆಯುತ್ತದೆ, ನಕ್ಷೆಯಲ್ಲಿ ಬಂದರು ಗುರುತಿಸಿದರೆ ಎಷ್ಟು ಅಂಕ. ಪರೀಕ್ಷೆ ಮುಗಿಯಿತು, ಮರೆತೆವು.

ಆದರೆ ಕಾರ್ಖಾನೆ ಆ ಊರಿಗೇ ಯಾಕೆ ಬಂತು, ನಮ್ಮೂರಿಗೆ ಯಾಕೆ ಬರಲಿಲ್ಲ? ಬಸ್ಸು ಹೆದ್ದಾರಿಯಲ್ಲೇ ಹೋಗುತ್ತದೆ, ಒಳಗೆ ಯಾಕೆ ಬರುವುದಿಲ್ಲ? ಊರ ಮೈದಾನದಲ್ಲಿ ಹುಡುಗಿಯರು ಯಾಕೆ ಕಾಣುವುದಿಲ್ಲ? ಇವೂ ಭೂಗೋಳದ ಪ್ರಶ್ನೆಗಳೇ ಎಂದು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಇದನ್ನು ಜೀವನವಿಡೀ ಹೇಳಿದ ಒಬ್ಬ ಮೇಷ್ಟ್ರಮ್ಮ ಇಂಗ್ಲೆಂಡಿನಲ್ಲಿದ್ದರು. ಹೆಸರು ಡೊರೀನ್ ಮ್ಯಾಸ್ಸಿ. ಮಾನವ ಭೂಗೋಳದ ಪ್ರಾಧ್ಯಾಪಕಿ. 2016ರ ಮಾರ್ಚ್‌ನಲ್ಲಿ, 72ನೇ ವಯಸ್ಸಿನಲ್ಲಿ ತೀರಿಕೊಂಡರು.

ದೂರದ ದೇಶದ ಪ್ರೊಫೆಸರ್ ಕಥೆ ನಮಗ್ಯಾಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ನಾವು ವರದಿಗಾರರು ದಿನಾ ಬರೆಯುವ ಒಂದು ಪದದ ಬಗ್ಗೆ ನಮಗೇ ನಾಚಿಕೆ ಹುಟ್ಟಿಸಿದವರು ಅವರು. ಆ ಪದಕ್ಕೆ ಕೊನೆಯಲ್ಲಿ ಬರುತ್ತೇವೆ.

ಬಸ್ಸಿನ ಮೇಲಂತಸ್ತಿನಿಂದ ಕಂಡದ್ದು

ಮ್ಯಾಸ್ಸಿ ಹುಟ್ಟಿದ್ದು 1944ರಲ್ಲಿ, ಮ್ಯಾಂಚೆಸ್ಟರ್ ನಗರದಲ್ಲಿ. ಬೆಳೆದದ್ದು ನಗರದ ಅಂಚಿನ ವಿಥೆನ್‌ಶಾ ಎಂಬ ಕಡೆ. ದುಡಿಯುವ ಜನರಿಗೆಂದು ನಗರಸಭೆ ಕಟ್ಟಿಸಿದ ಬಾಡಿಗೆ ಮನೆಗಳ ದೊಡ್ಡ ಬಡಾವಣೆ ಅದು. ಪೇಟೆಗೆ ಹೋಗುವುದೆಂದರೆ ಆ ಮನೆಯವರಿಗೆ ಒಂದು ಸಂಭ್ರಮ. ಅರ್ಧ ಗಂಟೆಗೂ ಮೀರಿದ ದಾರಿ, ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಹೋಗುವುದು.

ದಾರಿಯಲ್ಲಿ ಮರ್ಸಿ ನದಿಯ ಬಯಲು. ಒಂಬತ್ತು ಹತ್ತು ವರ್ಷದ ಆ ಹುಡುಗಿ ಕಿಟಕಿಯಿಂದ ನೋಡುತ್ತಾಳೆ. ಕಣ್ಣು ಹಾಯಿಸಿದಷ್ಟು ದೂರ ಫುಟ್‌ಬಾಲ್ ಮತ್ತು ರಗ್ಬಿ ಅಂಕಣಗಳು. ಶನಿವಾರ ಬಂತೆಂದರೆ ಬಯಲ ತುಂಬ ಗಂಡು ಮಕ್ಕಳು. ಇಷ್ಟು ದೊಡ್ಡ ಜಾಗವನ್ನೆಲ್ಲ ಹುಡುಗರಿಗೇ ಬಿಟ್ಟುಕೊಟ್ಟಿದ್ದಾರಲ್ಲ, ನಾನು ಅಲ್ಲಿಗೆ ಹೋಗುವುದೇ ಇಲ್ಲವಲ್ಲ ಎಂಬುದು ಆ ಹುಡುಗಿಯ ತಲೆಯಲ್ಲಿ ಕೂತಿತು. ಬೇಲಿ ಇರಲಿಲ್ಲ, ಹುಡುಗಿಯರಿಗೆ ಪ್ರವೇಶವಿಲ್ಲ ಎಂಬ ಫಲಕವೂ ಇರಲಿಲ್ಲ. ಆದರೂ ಜಾಗ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಮುಂದೆ ದೊಡ್ಡ ಪ್ರೊಫೆಸರ್ ಆದ ಮೇಲೆ, 1994ರಲ್ಲಿ ಬಂದ 'ಸ್ಪೇಸ್, ಪ್ಲೇಸ್ ಅಂಡ್ ಜೆಂಡರ್' ಪುಸ್ತಕದಲ್ಲಿ ಅವರು ಈ ನೆನಪನ್ನು ಬರೆದರು.

ನಮ್ಮೂರ ಅರಳಿಕಟ್ಟೆ, ಹೋಟೆಲಿನ ಮುಂದಿನ ಬೆಂಚು, ಹೈಸ್ಕೂಲು ಮೈದಾನ ನೆನಪಿಸಿಕೊಳ್ಳಿ. ಅಲ್ಲೂ ಫಲಕವಿಲ್ಲ.

ಯಾರು ಎಲ್ಲಿ ದುಡಿಯಬೇಕು ಎಂದು ಯಾರು ಹೇಳಿದರು?

ಮ್ಯಾಸ್ಸಿ ಆಕ್ಸ್‌ಫರ್ಡ್‌ನಲ್ಲಿ ಭೂಗೋಳ ಓದಿದರು. 1968ರಲ್ಲಿ ಲಂಡನ್ನಿನ ಸೆಂಟರ್ ಫಾರ್ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ಸೇರಿದರು. ನಡುವೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರಾದೇಶಿಕ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕಾರ್ಖಾನೆ ಎಲ್ಲಿ ಹಾಕಿದರೆ ಸಾಗಣೆ ಖರ್ಚು ಕಡಿಮೆ, ಲಾಭ ಹೆಚ್ಚು ಎಂದು ಗಣಿತದ ಸೂತ್ರದಲ್ಲಿ ಹೇಳುವ ವಿದ್ಯೆ ಅದು. ಕಲಿತರು, ಕಲಿತ ಮೇಲೆ ಅದನ್ನೇ ಪ್ರಶ್ನಿಸಿದರು. ಸೂತ್ರದಲ್ಲಿ ಕಾರ್ಮಿಕರ ಹೆಸರಿಲ್ಲ, ಜಗಳವಿಲ್ಲ, ಹೆಂಗಸರಿಲ್ಲ, ಮಾಲೀಕ ಯಾರೆಂಬುದಿಲ್ಲ ಎಂಬುದು ಅವರ ತಕರಾರು.

ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ರಿಚರ್ಡ್ ಮೀಗನ್ ಜೊತೆ ಸೇರಿ 1982ರಲ್ಲಿ ಅವರು ತಂದ ಪುಸ್ತಕ 'ದಿ ಅನಾಟಮಿ ಆಫ್ ಜಾಬ್ ಲಾಸ್'. ಕೆಲಸ ಹೋಯಿತು ಎಂದರೆ ಸಾಲದು, ಹೇಗೆ ಹೋಯಿತು ಎಂದು ಕೇಳಬೇಕು ಎಂದರು. ಇರುವ ಜನರಿಂದಲೇ ಹೆಚ್ಚು ಕೆಲಸ ತೆಗೆದರೆ ಒಂದು ರೀತಿ, ಹೊಸ ಯಂತ್ರ ಬಂದರೆ ಇನ್ನೊಂದು, ಘಟಕಕ್ಕೇ ಬೀಗ ಹಾಕಿದರೆ ಮೂರನೆಯದು. ಮೂರೂ ಕಡೆ ನಿರುದ್ಯೋಗಿ ಒಬ್ಬನೇ, ಆದರೆ ಪೆಟ್ಟು ಬೀಳುವ ಊರು ಬೇರೆ ಬೇರೆ. ಗದ್ದೆಗೆ ಕಟಾವು ಯಂತ್ರ ಬಂದಾಗ ನಮ್ಮ ಕೂಲಿಯವರಿಗೆ ಆದದ್ದು ಇದರಲ್ಲಿ ಯಾವುದು ಎಂದು ನಿಮಗೆ ಹೇಳಬೇಕಿಲ್ಲ.

1984ರಲ್ಲಿ ಬಂದದ್ದು 'ಸ್ಪೇಷಿಯಲ್ ಡಿವಿಷನ್ಸ್ ಆಫ್ ಲೇಬರ್'. ಅವರ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾದದ್ದು ಇದರಿಂದ. ಸಾರವನ್ನು ನಮ್ಮ ಮಾತಲ್ಲಿ ಹೇಳಿದರೆ ಹೀಗೆ. ಒಂದು ಕಂಪನಿ ತನ್ನ ಕೆಲಸವನ್ನು ಊರೂರಿಗೆ ಹಂಚುತ್ತದೆ. ತೀರ್ಮಾನ ಮಾಡುವ ಆಫೀಸು, ಹೊಸದನ್ನು ಕಂಡುಹಿಡಿಯುವ ಪ್ರಯೋಗಾಲಯ ಲಂಡನ್ ಸುತ್ತಮುತ್ತ. ಕೂತು ಜೋಡಿಸುವ, ಕಡಿಮೆ ಕೂಲಿಯ ಕೆಲಸ ವೇಲ್ಸ್‌ಗೆ, ಉತ್ತರ ಇಂಗ್ಲೆಂಡಿಗೆ. ಕಲ್ಲಿದ್ದಲು ಗಣಿ ಮುಚ್ಚಿದ ಊರುಗಳಿಗೆ ಹೊಸ ಕಾರ್ಖಾನೆ ಬಂದದ್ದು ಅಲ್ಲಿನ ಗಂಡಸರಿಗೆ ಕೆಲಸ ಕೊಡಲು ಅಲ್ಲ. ಅದುವರೆಗೆ ಕೂಲಿಗೆ ಹೋಗದ, ಸಂಘ ಕಟ್ಟಿ ಅಭ್ಯಾಸವಿಲ್ಲದ ಹೆಂಗಸರು ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಎಂಬ ಲೆಕ್ಕಕ್ಕೆ.

ಹೀಗಾಗಿ ಒಂದು ಪ್ರದೇಶ ಬಡವಾಗಿದೆ ಎಂದರೆ ಅಲ್ಲಿನ ಜನ ಸೋಮಾರಿಗಳು, ಮಣ್ಣು ಸರಿಯಿಲ್ಲ ಎಂದು ಹೇಳಿ ಮುಗಿಸುವಂತಿಲ್ಲ. ಇನ್ನೊಂದು ಪ್ರದೇಶ ಶ್ರೀಮಂತವಾದ ರೀತಿಯಲ್ಲೇ ಇದರ ಬಡತನದ ಕಾರಣವೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು ಎಂದರು ಮ್ಯಾಸ್ಸಿ.

ಗಣಿ, ಗಿರಣಿ, ಗದ್ದೆ

ಅದೇ 1984ರಲ್ಲಿ ಲಿಂಡಾ ಮೆಕ್‌ಡೊವೆಲ್ ಜೊತೆ ಬರೆದ ಒಂದು ಲೇಖನ ನಮಗೆ ಇನ್ನೂ ಹತ್ತಿರದ್ದು. ಇಂಗ್ಲೆಂಡಿನ ನಾಲ್ಕು ಕಡೆ ಹೆಂಗಸರ ಬದುಕು ಹೇಗಿತ್ತು ಎಂದು ಅದರಲ್ಲಿ ಹೋಲಿಸಿದ್ದಾರೆ. ಡರ್ಹಮ್‌ನಲ್ಲಿ ಕಲ್ಲಿದ್ದಲು ಗಣಿ: ಗಂಡಸು ನೆಲದಡಿ, ಹೆಂಗಸು ಮನೆಯೊಳಗೆ. ಪಾಳಿ ಮುಗಿಸಿ ಬರುವವರಿಗೆ ಅಡುಗೆ, ಸ್ನಾನದ ನೀರು, ಮಸಿ ಹಿಡಿದ ಬಟ್ಟೆ ಒಗೆಯುವುದು, ಇದಕ್ಕೇ ದಿನ ಮುಗಿಯುತ್ತಿತ್ತು. ಲ್ಯಾಂಕಶೈರ್‌ನಲ್ಲಿ ಹತ್ತಿ ಗಿರಣಿ: ಹೆಂಗಸರೇ ನೇಯುತ್ತಿದ್ದರು, ಕೈಯಲ್ಲಿ ಸಂಬಳ, ಕಾರ್ಮಿಕ ಸಂಘದಲ್ಲಿ ಸದಸ್ಯತ್ವ. ಮತದ ಹಕ್ಕಿಗಾಗಿ ನಡೆದ ಹೋರಾಟದಲ್ಲೂ ಅವರಿದ್ದರು. ಲಂಡನ್ನಿನ ಹ್ಯಾಕ್ನಿಯಲ್ಲಿ ಬಟ್ಟೆ ಹೊಲಿಯುವ ಕೆಲಸ, ಮನೆಯಲ್ಲೇ ಕೂತು, ಪೀಸಿಗಿಷ್ಟು ಎಂದು. ನಾಲ್ಕನೆಯದು ಫೆನ್ಸ್ ಎಂಬ ತಗ್ಗು ಬಯಲು. ಅಲ್ಲಿ ಹೆಂಗಸರು ಗುಂಪು ಗುಂಪಾಗಿ ಹೊಲದ ಕೂಲಿಗೆ ಹೋಗುತ್ತಿದ್ದರು.

ಒಂದೇ ದೇಶ, ಒಂದೇ ಕಾಲ. ಆದರೆ ಹೆಣ್ಣಾಗಿ ಬದುಕುವುದು ನಾಲ್ಕು ಕಡೆ ನಾಲ್ಕು ಥರ. ಊರಿನಲ್ಲಿ ಯಾವ ದುಡಿಮೆ ಇದೆ ಎಂಬುದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ. ನಮ್ಮಲ್ಲಿ ಭತ್ತದ ಸೀಮೆ, ಜೋಳದ ಸೀಮೆ, ಬೀಡಿ ಕಟ್ಟುವ ಓಣಿ, ಗಾರ್ಮೆಂಟ್ಸ್ ವ್ಯಾನು ಬರುವ ಹಳ್ಳಿ, ಇವುಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಯಾರಾದರೂ ಬರೆದರೆ ನಾವು ಮೊದಲು ಓದುತ್ತೇವೆ.

ಮ್ಯಾಸ್ಸಿ ಬರೆದು ಸುಮ್ಮನಾಗಲಿಲ್ಲ. 1984ರ ಮಾರ್ಚ್‌ನಿಂದ ಒಂದು ವರ್ಷ ನಡೆದ ಗಣಿ ಕಾರ್ಮಿಕರ ಮುಷ್ಕರದ ಪರ ನಿಂತರು. ಹಿಲರಿ ವೇನ್‌ರೈಟ್ ಜೊತೆ ಸೇರಿ, ಈ ಹೋರಾಟ ಗಣಿ ಊರುಗಳಾಚೆಗೂ ಹೇಗೆ ಹಬ್ಬಿತು ಎಂದು ಬರೆದರು. ಮನೆಯೊಳಗಿದ್ದ ಡರ್ಹಮ್‌ನಂಥ ಕಡೆಯ ಹೆಂಗಸರು ಆ ಮುಷ್ಕರದಲ್ಲಿ ಬೀದಿಗೆ ಬಂದು ಅಡುಗೆ ಮನೆಗಳನ್ನು ನಡೆಸಿದರು, ಭಾಷಣ ಮಾಡಿದರು. ಮುಷ್ಕರ ಸೋತಿತು. ಬೀದಿಗೆ ಬಂದ ಹೆಂಗಸರ ವಿಷಯ ಬೇರೆ.

ಬಾಗಿಲಿಲ್ಲದ ವಿಶ್ವವಿದ್ಯಾಲಯ

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಸರ್ಕಾರ ದುಡ್ಡು ನಿಲ್ಲಿಸಿತು, ಮ್ಯಾಸ್ಸಿ ಇದ್ದ ಸಂಶೋಧನಾ ಸಂಸ್ಥೆ 1980ರಲ್ಲಿ ಮುಚ್ಚಿತು. ಊರುಗಳಲ್ಲಿ ಕೆಲಸ ಹೇಗೆ ಹೋಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದವರ ಕೆಲಸವೇ ಹೋಯಿತು.

1982ರಲ್ಲಿ ಅವರು ಓಪನ್ ಯೂನಿವರ್ಸಿಟಿಯಲ್ಲಿ ಭೂಗೋಳದ ಪ್ರಾಧ್ಯಾಪಕಿಯಾದರು. 2009ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಇದ್ದರು. 1969ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಸೇರಲು ಹಿಂದಿನ ಅಂಕಪಟ್ಟಿ ಬೇಕಿರಲಿಲ್ಲ. ಡ್ರೈವರ್, ನರ್ಸ್, ಮಕ್ಕಳನ್ನು ಮಲಗಿಸಿ ಓದಲು ಕೂರುವ ತಾಯಿ, ಯಾರು ಬೇಕಾದರೂ ಸೇರಬಹುದಿತ್ತು. ಪಾಠ ಅಂಚೆಯಲ್ಲಿ ಬರುತ್ತಿತ್ತು, ಬಿಬಿಸಿಯ ಟಿವಿ, ರೇಡಿಯೊದಲ್ಲೂ ಬರುತ್ತಿತ್ತು.

ಆ ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಬರೆಯಬೇಕಾಗಿ ಬಂದದ್ದರಿಂದಲೇ ಅವರ ಬರವಣಿಗೆಯಲ್ಲಿ ಬಸ್‌ಸ್ಟಾಪು, ಅಂಗಡಿ, ಕೇಕ್ ಎಲ್ಲ ಬಂದವು ಎಂದು ನಮಗನ್ನಿಸುತ್ತದೆ. ನಮ್ಮಲ್ಲೂ 1996ರಿಂದ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಮುಕ್ತ ವಿವಿ ಪದವಿ ಎಂದರೆ ಮೂಗು ಮುರಿಯುವವರು ಹಳ್ಳಿಯಲ್ಲೂ ಇದ್ದಾರೆ. ಅಂಥ ವಿವಿಯಲ್ಲಿ 27 ವರ್ಷ ಪಾಠ ಮಾಡಿದವರಿಗೆ 1998ರಲ್ಲಿ ಭೂಗೋಳದ ನೊಬೆಲ್ ಎನ್ನುವ ವೋಟ್ರಾಂ ಲುಡ್ ಪ್ರಶಸ್ತಿ ಬಂತು ಎಂದು ಅವರಿಗೆ ಹೇಳಿ.

ಬಸ್‌ಸ್ಟಾಪಿನ ಹೆಂಗಸು

1991ರಲ್ಲಿ ಅವರು ಒಂದು ಪುಟ್ಟ ಪ್ರಬಂಧ ಬರೆದರು. ಎಲ್ಲರೂ ಆಗ ಪ್ರಪಂಚ ಚಿಕ್ಕದಾಯಿತು, ವಿಮಾನ ಬಂತು, ಫೋನು ಬಂತು ಎಂದು ಹಾಡುತ್ತಿದ್ದರು. ಮ್ಯಾಸ್ಸಿ ಕೇಳಿದ್ದು ಒಂದೇ: ಯಾರಿಗೆ ಚಿಕ್ಕದಾಯಿತು?

ವಿಮಾನದಲ್ಲಿ ಓಡಾಡುವ, ಹಣ ಅತ್ತಿತ್ತ ಕಳಿಸುವ, ತಾನೇ ತೀರ್ಮಾನಿಸುವ ಜನ ಒಂದು ಕಡೆ. ತುಂಬ ಓಡಾಡಿದರೂ ಓಡಾಟದ ಮೇಲೆ ಹಿಡಿತವಿಲ್ಲದ ನಿರಾಶ್ರಿತರು, ಕೂಲಿ ಹುಡುಕಿ ಗಡಿ ದಾಟುವವರು ಇನ್ನೊಂದು ಕಡೆ. ಎಲ್ಲಿಗೂ ಹೋಗದೆ ಕೂತಲ್ಲೇ ಬೇರೆಯವರ ಓಡಾಟದ ಪೆಟ್ಟು ತಿನ್ನುವವರು ಮತ್ತೊಂದು ಕಡೆ. ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪದ ಉದಾಹರಣೆ ಕೊಟ್ಟರು. ವಿಮಾನಗಳು ಬಂದ ಮೇಲೆ ಹಡಗುಗಳು ಕಡಿಮೆಯಾದವು, ತಲೆಯ ಮೇಲೆ ಪ್ರಪಂಚ ಹಾರಿಹೋಯಿತು, ದ್ವೀಪ ಮೊದಲಿಗಿಂತ ದೂರವಾಯಿತು.

ಇದಕ್ಕೆ ಅವರು ಇಟ್ಟ ಹೆಸರು 'ಪವರ್ ಜಾಮೆಟ್ರಿ'. ಅಧಿಕಾರದ ರೇಖಾಗಣಿತ ಎನ್ನಬಹುದು. ಯಾರು ಚಲಿಸುತ್ತಾರೆ ಎಂಬುದು ಅರ್ಧ ಪ್ರಶ್ನೆ. ಚಲನೆಯ ಮೇಲೆ ಹಿಡಿತ ಯಾರದು ಎಂಬುದು ಉಳಿದರ್ಧ. ವೆನಿಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಜ್ 2007ರಲ್ಲಿ ತಮ್ಮ ಕಾರ್ಯಕ್ರಮದ ಐದು ಎಂಜಿನ್‌ಗಳಲ್ಲಿ ಒಂದಕ್ಕೆ ಈ ಹೆಸರನ್ನೇ ಇಟ್ಟರು.

ಆ ಪ್ರಬಂಧದ ಇನ್ನೊಂದು ಮಾತು ನಮ್ಮನ್ನು ಕಾಡಿದೆ. ಒಬ್ಬ ಕಾರು ತಗೊಂಡಾಗ ಅವನ ಓಡಾಟ ಹೆಚ್ಚುತ್ತದೆ. ಆದರೆ ಬಸ್ಸಿಗೆ ಒಬ್ಬ ಪ್ರಯಾಣಿಕ ಕಡಿಮೆಯಾಗುತ್ತಾನೆ. ಹೀಗೆ ಕಡಿಮೆಯಾಗುತ್ತಾ ಬಸ್ಸು ಓಡಿಸುವುದೇ ನಷ್ಟವೆನಿಸುತ್ತದೆ. ಕೊನೆಗೆ ಸಾಮಾನಿನ ಚೀಲ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸಿನ ಓಡಾಟ ಅಷ್ಟಕ್ಕಷ್ಟೇ ಕಡಿಮೆಯಾಗುತ್ತದೆ. ಒಬ್ಬರ ವೇಗ ಇನ್ನೊಬ್ಬರ ಕಾಯುವಿಕೆ.

ನಮ್ಮ ಹಳ್ಳಿಗಳಲ್ಲಿ ಇದು ಕಣ್ಣೆದುರು ನಡೆದಿದೆ. ಮನೆಗೊಂದು ಬೈಕ್ ಬಂತು. ಬೈಕಿನ ಹ್ಯಾಂಡಲ್ ಯಾರ ಕೈಯಲ್ಲಿದೆ? ಮಗನ ಕೈಯಲ್ಲಿ. ಜನ ಕಡಿಮೆ ಎಂದು ಬಸ್ಸಿನ ಟ್ರಿಪ್ ಕಡಿತವಾದರೆ ನಿಲ್ಲುವುದು ಯಾರ ಕಾಲೇಜು? ಮಗಳದು. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಶಕ್ತಿ ಯೋಜನೆಯನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರಿಗೆ ಮ್ಯಾಸ್ಸಿ ಓದಿದವರು ಹೇಳುವ ಉತ್ತರ ಬೇರೆ: ಗಂಡನ ಕೈಯಿಂದ ಬಸ್‌ಚಾರ್ಜು ಕೇಳದೆ ಹೆಂಗಸು ಮನೆಯಿಂದ ಹೊರಡಬಹುದು ಎಂಬುದು ಅಧಿಕಾರದ ವಿಷಯ. ಆದರೆ ಅದೇ ಬಾಯಲ್ಲಿ ಸರ್ಕಾರಕ್ಕೂ ಕೇಳಬೇಕು. ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ ಯಾವುದಕ್ಕೆ?

ಊರು ಯಾರದು?

ಮ್ಯಾಸ್ಸಿ ವಾಸವಿದ್ದದ್ದು ಲಂಡನ್ನಿನ ಕಿಲ್ಬರ್ನ್‌ನಲ್ಲಿ. ಅಲ್ಲಿನ ಮುಖ್ಯ ಬೀದಿಯಲ್ಲಿ ನಡೆಯುತ್ತಾ ಅವರು ಕಂಡದ್ದು: ಐರಿಷ್ ಪತ್ರಿಕೆಗಳು, ಗೋಡೆ ಬರಹಗಳು, ಗಾಜಿನ ಕಪಾಟಿನಲ್ಲಿ ಸೀರೆ ಉಡಿಸಿದ ಬೊಂಬೆಗಳು, ತಲೆಯ ಮೇಲೆ ವಿಮಾನಗಳು. ಐರ್ಲೆಂಡ್, ಭಾರತ, ಬ್ರಿಟಿಷ್ ಸಾಮ್ರಾಜ್ಯದ ಚರಿತ್ರೆ ಇಲ್ಲದೆ ಈ ಒಂದು ಬೀದಿಯನ್ನೂ ಅರ್ಥ ಮಾಡಿಕೊಳ್ಳಲಾಗದು ಎಂದರು. ಊರೆಂದರೆ ಸುತ್ತ ಗೆರೆ ಎಳೆದ ಡಬ್ಬಿಯಲ್ಲ, ಹೊರಗಿನ ಸಂಬಂಧಗಳು ಬಂದು ಹೆಣೆದುಕೊಳ್ಳುವ ಗಂಟು.

2005ರ 'ಫಾರ್ ಸ್ಪೇಸ್' ಪುಸ್ತಕದಲ್ಲಿ ಇನ್ನೊಂದು ಸಣ್ಣ ಪ್ರಸಂಗ. ಮನೆಗೆ ಹೋಗುವಾಗ ಅಮ್ಮನ ಚಾಕೊಲೇಟ್ ಕೇಕಿನ ಆಸೆ. ಹೋದರೆ ಅಮ್ಮ ಬೇರೆ ಹೊಸ ರೀತಿಯಲ್ಲಿ ಮಾಡಿದ್ದಾರೆ. ಮಗಳಿಗೆ ಬೇಸರ. ಆಮೇಲೆ ಅರಿವಾಗುತ್ತದೆ: ತಾನು ಇಲ್ಲದಾಗ ಅಮ್ಮನ ಬದುಕೂ ಮುಂದೆ ನಡೆದಿದೆ, ತಾನು ಬರುವ ತನಕ ಅದು ನಿಂತಿರಬೇಕಿಲ್ಲ. ಬೆಂಗಳೂರಿನಿಂದ ಜಾತ್ರೆಗೆ ಬಂದು, ಊರು ಮೊದಲಿನಂತಿಲ್ಲ ಎಂದು ಸ್ಟೇಟಸ್ ಹಾಕುವ ಗೆಳೆಯರು ಇದನ್ನು ಓದಬೇಕು. ಊರು ನಿಮ್ಮ ಬಾಲ್ಯದ ಫೋಟೊ ಅಲ್ಲ. ಇಲ್ಲಿರುವವರೂ ಬದುಕುತ್ತಿದ್ದಾರೆ.

ಇಲ್ಲಿ ನಮಗೊಂದು ಅಳುಕೂ ಇದೆ. ಊರಿಗೆ ಗೆರೆ ಇಲ್ಲ ಎನ್ನುವುದು ಲಂಡನ್ನಿನ ಬೀದಿಗೆ ಚಂದ. ಗೋಮಾಳ ಒತ್ತುವರಿಯಾದಾಗ, ಹೊಲದ ಮೇಲೆ ಯೋಜನೆ ಬಂದಾಗ ನಮ್ಮನ್ನು ಕಾಯುವುದು ಸರ್ವೆ ನಂಬರಿನ ಗೆರೆಯೇ. ಮ್ಯಾಸ್ಸಿಗೂ ಇದು ಗೊತ್ತಿತ್ತು. ಗೆರೆ ಯಾವಾಗಲೂ ತಪ್ಪು, ಯಾವಾಗಲೂ ಸರಿ ಎಂಬ ಸೂತ್ರ ಇಲ್ಲ, ಪ್ರತಿ ಬಾರಿ ಯಾರ ಬಲ ಎಷ್ಟು ಎಂದು ನೋಡಬೇಕು ಎಂಬುದು ಅವರ ನಿಲುವು. ತಮ್ಮ ಕಾಡಿಗೆ ಗಡಿ ಕೇಳುವ ಅಮೆಜಾನ್ ಮೂಲನಿವಾಸಿಗಳನ್ನೂ, ವಲಸಿಗರನ್ನು ಓಡಿಸಲು ಗಡಿ ಕೇಳುವ ಯುರೋಪಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದರು. ಆ ಮಾತು ನಮಗೆ ಒಪ್ಪಿತ.

ಈಗ ಆ ಪದಕ್ಕೆ

'ಹಿಂದುಳಿದ ತಾಲ್ಲೂಕು'. ಇದೇ ಆ ಪದ. ನಾವು ಎಷ್ಟು ವರದಿಯಲ್ಲಿ ಬರೆದಿದ್ದೇವೋ ಲೆಕ್ಕವಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದವು 39, ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಆ ವರದಿ ಅನ್ಯಾಯವನ್ನು ಅಂಕಿಯಲ್ಲಿ ತೋರಿಸಿತು, ಪರಿಹಾರವನ್ನೂ ಕೇಳಿತು. ಅದಕ್ಕೆ ನಾವು ಋಣಿಗಳು. ತಪ್ಪಿದ್ದು ನಾವು. ಅಂಕಿಯನ್ನು ಅಡ್ಡಹೆಸರು ಮಾಡಿಬಿಟ್ಟೆವು. ಊರಿನ ಹೆಸರಿನ ಹಿಂದೆ 'ಹಿಂದುಳಿದ' ಅಂಟಿಸಿದೆವು, ಅದು ಅಲ್ಲಿನ ಮಣ್ಣಿನ ಗುಣ ಎಂಬಂತೆ.

ಮ್ಯಾಸ್ಸಿಯ ಕಣ್ಣಲ್ಲಿ ನೋಡಿ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ತಯಾರಾದ ಕರೆಂಟು ರಾಜ್ಯದ ಗ್ರಿಡ್ಡಿಗೆ ಸೇರುತ್ತದೆ. ಹೊಗೆ ಮತ್ತು ಹಾರುಬೂದಿ ಅಲ್ಲಿನವರ ಪಾಲು. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದಾರೆ. ಕಟ್ಟಡ ನಿಂತ ಮೇಲೆ ಬೆಂಗಳೂರು ಮುಂದುವರಿದ ನಗರ, ಇಟ್ಟಿಗೆ ಹೊತ್ತವನ ಊರು ಹಿಂದುಳಿದ ಊರು. ಎರಡೂ ಒಂದೇ ಲೆಕ್ಕದ ಎರಡು ಪುಟ ಎಂದು ನಾವು ಯಾವತ್ತೂ ಬರೆಯಲಿಲ್ಲ.

ನಮ್ಮ ಕಸುಬೇ ಇದಕ್ಕೆ ಹೊರತಲ್ಲ. ಸುದ್ದಿ ಹುಡುಕುವುದು ಹಳ್ಳಿಯಲ್ಲಿ, ಧೂಳು ಕುಡಿಯುವುದು ನಾವು. ಯಾವುದು ಸುದ್ದಿ, ಎಷ್ಟು ಸಾಲು, ಯಾವ ಪುಟ ಎಂಬ ತೀರ್ಮಾನ ದೂರದ ಊರಿನ ಡೆಸ್ಕಿನಲ್ಲಿ. ನಮ್ಮ ಹಳ್ಳಿಯ ಸುದ್ದಿ ನಮ್ಮ ಜಿಲ್ಲೆಯ ಪುಟ ದಾಟಿ ರಾಜಧಾನಿಯ ಓದುಗರಿಗೆ ಸಿಗುವುದು ಕೊಲೆಯೋ ಪ್ರವಾಹವೋ ಆದಾಗ. ದುಡಿಮೆ ಇಲ್ಲಿ, ತೀರ್ಮಾನ ಅಲ್ಲಿ. ಮ್ಯಾಸ್ಸಿ 1984ರಲ್ಲಿ ಬರೆದದ್ದು ನಮ್ಮ ಬಗ್ಗೆಯೂ ಹೌದು ಅನ್ನಿಸಿದ್ದು ಇದಕ್ಕೇ. ಈ ಬ್ಲಾಗ್ ಶುರು ಮಾಡಿದ್ದರ ಹಿಂದೆಯೂ ಸ್ವಲ್ಪ ಇದೇ ಸಂಕಟ ಇದೆ.

ಆದ್ದರಿಂದ ನಮ್ಮ ಮನವಿ ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಅಧಿಕಾರಿ ಎದ್ದು ನಿಮ್ಮೂರು ಹಿಂದುಳಿದಿದೆ ಎಂದರೆ ತಲೆ ತಗ್ಗಿಸಬೇಡಿ. ಯಾರಿಗಿಂತ ಹಿಂದೆ, ಯಾವಾಗಿನಿಂದ, ಯಾರ ತೀರ್ಮಾನದಿಂದ ಎಂದು ಕೇಳಿ. ಬಸ್ಸು ನಿಲ್ಲಿಸಿದ ತೀರ್ಮಾನ ಯಾವ ಮೇಜಿನ ಮೇಲಾಯಿತು ಎಂದು ಕೇಳಿ. ಮೈದಾನದಲ್ಲಿ ಮಗಳು ಯಾಕಿಲ್ಲ ಎಂದು ಮನೆಯಲ್ಲೂ ಕೇಳಿಕೊಳ್ಳಿ, ಅದಕ್ಕೆ ಅಧಿಕಾರಿ ಬೇಕಿಲ್ಲ.

ನಾವೂ ಒಂದು ಮಾತು ಕೊಡುತ್ತೇವೆ. ಇನ್ನು ಮೇಲೆ 'ಹಿಂದುಳಿದ' ಎಂದು ಬರೆದರೆ ಹಿಂದಕ್ಕೆ ತಳ್ಳಿದವರು ಯಾರು ಎಂಬುದನ್ನೂ ಅದೇ ವರದಿಯಲ್ಲಿ ಬರೆಯುತ್ತೇವೆ. ಮರೆತು ಬರೆದಿದ್ದು ಕಂಡರೆ ಫೋನ್ ಮಾಡಿ ಬೈಯಿರಿ. ನಂಬರು ನಿಮ್ಮ ಹತ್ತಿರ ಹೇಗೂ ಇದೆ.